ಇಂಟರಿಮ್ ಮ್ಯಾನೇಜರ್: ಪ್ರಭಾರವೂ ಅಲ್ಲ, ಸಲಹೆಯೂ ಅಲ್ಲ

ಕಂಪನಿಯ ಮುಖ್ಯಸ್ಥರು ರಾಜೀನಾಮೆ ಕೊಡುತ್ತಾರೆ, ಒಳಗಿನ ಹಿರಿಯರೊಬ್ಬರಿಗೆ ಆ ಕೆಲಸ ವಹಿಸಲಾಗುತ್ತದೆ. ಮರುದಿನದ ಸುದ್ದಿಯಲ್ಲಿ ಅವರು ‘ಇಂಟರಿಮ್ ಮ್ಯಾನೇಜರ್’! ಇದನ್ನು ಇನ್ನೆಷ್ಟು ಸಲ ಓದಬೇಕು? ಅದು ಪ್ರಭಾರ. 2017ರ ಆಗಸ್ಟ್‌ನಲ್ಲಿ ವಿಶಾಲ್ ಸಿಕ್ಕಾ ಇನ್ಫೋಸಿಸ್ ತೊರೆದಾಗ ಮಧ್ಯಂತರ ಸಿಇಒ ಆದ ಪ್ರವೀಣ್ ರಾವ್ ಆ ಕಂಪನಿಯಲ್ಲೇ ಬೆಳೆದವರು. 2018ರ ಜನವರಿಯಲ್ಲಿ ಸಲೀಲ್ ಪಾರೇಖ್ ಬಂದ ಮೇಲೂ ಅವರು ಅಲ್ಲೇ ಉಳಿದರು. 1997ರಲ್ಲಿ ಆ್ಯಪಲ್‌ನ ಮಧ್ಯಂತರ ಸಿಇಒ ಆದ ಸ್ಟೀವ್ ಜಾಬ್ಸ್ 2000ದ ಜನವರಿಯಲ್ಲಿ ‘ಮಧ್ಯಂತರ’ವನ್ನು ಕಳಚಿ ಅದೇ ಕುರ್ಚಿಯಲ್ಲಿ ಮುಂದುವರಿದರು. ಇಂಟರಿಮ್ ಮ್ಯಾನೇಜರ್ ಎಂಬ ವೃತ್ತಿಯ ಲಕ್ಷಣ ಇದಕ್ಕೆ ನೇರ ವಿರುದ್ಧ.

ಇಂಟರಿಮ್ ಮ್ಯಾನೇಜರ್ ಹೊರಗಿನಿಂದ ಬರುತ್ತಾರೆ, ಹೊರಗೇ ಹೋಗುತ್ತಾರೆ. ನಷ್ಟದ ಘಟಕವನ್ನು ಮುಚ್ಚುವುದೋ, ಎರಡು ಕಂಪನಿಗಳ ವಿಲೀನ ಮುಗಿಸುವುದೋ, ತೆರವಾದ ಹಣಕಾಸು ವಿಭಾಗವನ್ನು ಕೆಲವು ತಿಂಗಳು ನಡೆಸುವುದೋ, ಒಪ್ಪಂದದಲ್ಲಿ ಕೆಲಸ ನಿಗದಿಯಾಗಿರುತ್ತದೆ. ಸಂಭಾವನೆ ಸಾಮಾನ್ಯವಾಗಿ ದಿನದ ಲೆಕ್ಕದಲ್ಲಿ. ಬಡ್ತಿಯ ಆಸೆಯಿಲ್ಲ, ಕಚೇರಿ ರಾಜಕೀಯದಲ್ಲಿ ಪಾಲಿಲ್ಲ. ಹಾಗಾಗಿಯೇ ಒಳಗಿನವರು ಹಿಂಜರಿಯುವ ತೀರ್ಮಾನ ಅವರಿಗೆ ಸಾಧ್ಯ.

ಹಾಗಾದರೆ ಸಲಹೆಗಾರರೇ ತಾನೇ ಎನ್ನುವವರು ಸಹಿಯನ್ನು ನೋಡಬೇಕು. ಸಲಹೆಗಾರರು ವರದಿ ಕೊಟ್ಟು ಎದ್ದು ಹೋಗಬಹುದು. ಇವರು ಯಾವ ಪೂರೈಕೆದಾರರಿಗೆ ಈ ವಾರ ಹಣ, ಯಾರಿಗೆ ಮುಂದಿನ ತಿಂಗಳು ಎಂದು ತೀರ್ಮಾನಿಸಿ ಪಾವತಿಗೆ ಸಹಿ ಹಾಕುತ್ತಾರೆ, ಸಾಲದ ಕಂತಿಗಾಗಿ ಬ್ಯಾಂಕಿನವರ ಎದುರು ಕೂರುತ್ತಾರೆ, ನೌಕರರಿಗೆ ಕೆಟ್ಟ ಸುದ್ದಿಯನ್ನು ತಾವೇ ಹೇಳುತ್ತಾರೆ. ಅಧಿಕಾರ ಕೊಡದೆ ಹುದ್ದೆಯ ಹೆಸರಷ್ಟೇ ಕೊಟ್ಟರೆ ಅದು ಅವರಿಗೂ ಕಂಪನಿಗೂ ಮಾಡಿದ ಅನ್ಯಾಯ.

ಇದು ವೃತ್ತಿಯಾಗಿ ರೂಪುಗೊಂಡದ್ದು 1970ರ ದಶಕದ ನೆದರ್ಲೆಂಡ್ಸ್‌ನಲ್ಲಿ. ಕಾಯಂ ನೌಕರರನ್ನು ಬಿಡಿಸುವುದು ಅಲ್ಲಿ ಕಷ್ಟ, ದುಬಾರಿ. ಅವಧಿ ಮುಗಿದೊಡನೆ ತಾವೇ ಹೊರಡುವ ಅನುಭವಿಗಳು ಬೇಕಾದರು. ಫ್ರಾನ್ಸ್‌ನಲ್ಲಿ ಇದಕ್ಕೆ ‘ಸಂಕ್ರಮಣ ನಿರ್ವಹಣೆ’ ಎಂಬರ್ಥದ ಹೆಸರಿದೆ. ಬ್ರಿಟನ್‌ನಲ್ಲಿ ತಕರಾರು ತೆರಿಗೆಯದು: ಇವರು ಸ್ವತಂತ್ರರೋ, ವೇಷ ಮರೆಸಿದ ನೌಕರರೋ? 2021ರ ಏಪ್ರಿಲ್‌ನಿಂದ ಇದನ್ನು ತೀರ್ಮಾನಿಸುವ ಹೊಣೆ ಅಲ್ಲಿನ ಮಧ್ಯಮ ಮತ್ತು ದೊಡ್ಡ ಖಾಸಗಿ ಕಂಪನಿಗಳ ಮೇಲೂ ಬಿದ್ದಿದೆ.

ಭಾರತದ 2016ರ ದಿವಾಳಿ ಸಂಹಿತೆಯಲ್ಲಿ ಬರುವ, ದಿವಾಳಿ ಪ್ರಕ್ರಿಯೆಗೆ ಒಳಗಾದ ಕಂಪನಿಯ ಆಡಳಿತವನ್ನು ತಾತ್ಕಾಲಿಕವಾಗಿ ನೋಡಿಕೊಳ್ಳುವ ‘ಮಧ್ಯಂತರ ಪರಿಹಾರ ವೃತ್ತಿಪರ’ರನ್ನೂ ದಯವಿಟ್ಟು ಈ ಸಾಲಿಗೆ ಸೇರಿಸಬೇಡಿ. ಅವರನ್ನು ನೇಮಿಸುವುದು ಕಂಪನಿಯಲ್ಲ, ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ; ಆ ನೇಮಕದೊಂದಿಗೆ ನಿರ್ದೇಶಕ ಮಂಡಳಿಯ ಅಧಿಕಾರವೇ ಅಮಾನತಾಗುತ್ತದೆ.