ಹೊಗೆಯ ದಾರಿ ತಿರುಗಿಸುವ ಮುನ್ನ

ಇತ್ತೀಚೆಗೆ ಒಬ್ಬರು ರಿಪೇರಿಗೆ ತಂದ ರೇಡಿಯೋ ನಿಯಂತ್ರಿತ ಜೆಟ್‌ರೇಂಜರ್ ಹೆಲಿಕಾಪ್ಟರ್ ಮಾದರಿಯ ತೊಂದರೆ ಹೀಗಿತ್ತು: ಒಂದೇ ಎತ್ತರದಲ್ಲಿ ನಿಲ್ಲಿಸಿದರೆ ಎಂಜಿನ್ ಚೆನ್ನಾಗಿಯೇ ಓಡುತ್ತದೆ, ಜೋರಾಗಿ ಮೇಲೇರಿಸಿದರೆ ಉಸಿರು ಕಟ್ಟುತ್ತದೆ. ಕಾರ್ಬುರೇಟರ್‌ನಲ್ಲಿ ಇಂಧನದ ಪ್ರಮಾಣ ಹೊಂದಿಸುವ ತಿರುಪು, ಅಂದರೆ ನೀಡಲ್, ತಿರುಗಿಸಿ ತಿರುಗಿಸಿ ಅವರಿಗೆ ಸಾಕಾಗಿತ್ತು. ಮೈ, ಅಂದರೆ ಹೊರಕವಚ, ಬಿಚ್ಚಿ ನೋಡಿದೆ. ಸೈಲೆನ್ಸರ್ ಬಾಯಿ ಪಕ್ಕದಿಂದ ಇಣುಕಿದರೆ ಅಂದ ಕೆಡುತ್ತದೆಂದು ಹೊಗೆಯನ್ನು ಹೊಟ್ಟೆಯ ಕೆಳಗೆ ಬಿಡುವ ಹೊಸ ಕೊಳವೆ ಕೂರಿಸಿದ್ದರು. ಅದರ ಜೊತೆಗೆ, ಇಂಧನ ಟ್ಯಾಂಕಿಗೆ ಹೋಗುವ ಒತ್ತಡದ ಸಣ್ಣ ಟ್ಯೂಬನ್ನೂ ಸೈಲೆನ್ಸರ್‌ನಿಂದ ಕಿತ್ತು ಆ ಕೊಳವೆಯ ತುದಿಗೆ ಸಿಕ್ಕಿಸಿದ್ದರು.

ಕಾಯಿಲೆ ಇದ್ದದ್ದು ಅಲ್ಲೇ. ಗ್ಲೋ ಎಂಜಿನ್‌ನಲ್ಲಿ (ಕಾದ ತಂತಿಯ ಪ್ಲಗ್‌ನಿಂದ ಇಂಧನ ಹೊತ್ತಿಸುವ ಸಣ್ಣ ಎಂಜಿನ್) ಸೈಲೆನ್ಸರ್ ಅಂದರೆ ಹೊಗೆ ಹೋಗುವ ಡಬ್ಬಿ ಮಾತ್ರ ಅಂದುಕೊಳ್ಳುವುದು ಸಹಜ. ಅದು ಇಂಧನ ವ್ಯವಸ್ಥೆಯ ಭಾಗವೂ ಹೌದು. ಒಳಗಿನ ಒತ್ತಡವೇ ಟ್ಯಾಂಕನ್ನು ಅದುಮಿ ಕಾರ್ಬುರೇಟರ್‌ಗೆ ಇಂಧನ ತಳ್ಳುತ್ತದೆ. ಕೊಳವೆಯ ತುದಿಯಲ್ಲಿ ಹೊರಗಿನ ಗಾಳಿಗಿಂತ ಹೆಚ್ಚಿನ ಒತ್ತಡ ಉಳಿದಿರುವುದಿಲ್ಲ. ಒಂದೆಡೆ ನಿಂತು ಹಾರುವಾಗ ಹೇಗೋ ನಡೆಯುತ್ತದೆ. ಥ್ರಾಟಲ್ ತೆರೆದ ಕೂಡಲೇ ಬೇಕಾದಷ್ಟು ಇಂಧನ ಬರದೆ ಮಿಶ್ರಣ ಲೀನ್ (ಇಂಧನ ಕಡಿಮೆ, ಗಾಳಿ ಹೆಚ್ಚು) ಆಗುತ್ತದೆ, ಎಂಜಿನ್ ಬಿಸಿಯೇರುತ್ತದೆ. ಅವರ ಪಿಸ್ಟನ್ ಮೇಲೆ ಆಗಲೇ ಗೀರು ಬಿದ್ದಿತ್ತು.

ಉಲ್ಟಾ ತಪ್ಪೂ ಇದೆ. ಟ್ಯೂಬ್ ಸೈಲೆನ್ಸರ್ ಮೇಲೆಯೇ ಇದ್ದು ಹೊರಗಿನ ಕೊಳವೆ ಕಿರಿದಾದರೆ ಒಳಗಿನ ಒತ್ತಡ ಏರಿ ಮಿಶ್ರಣ ರಿಚ್ (ಇಂಧನ ಹೆಚ್ಚು) ಆಗುತ್ತದೆ, ಶಕ್ತಿ ಇಳಿಯುತ್ತದೆ. ಹಾಗಾಗಿ ನಾನು ಮುಂದುವರಿಕೆಗೆ ಹಾಕುವ ಕೊಳವೆ ಸೈಲೆನ್ಸರ್ ಬಾಯಿಗಿಂತ ಒಂದು ಅಳತೆ ದೊಡ್ಡದಿರುತ್ತದೆ. 10 ಮಿ.ಮೀ. ಬಾಯಿಗೆ 12 ಮಿ.ಮೀ. ಕೊಳವೆ ಹಾಕಿದರೆ ಸಿಗುವ ಜಾಗ ಶೇ. 44ರಷ್ಟು ಹೆಚ್ಚು. ಚೂಪು ತಿರುವು ಬೇಡ; ಎರಡು ಕಡೆ ಬಗ್ಗಿಸಬೇಕಾದರೆ ಎರಡೂ ಅಗಲ ತಿರುವುಗಳಾಗಿರಲಿ. ಎಲ್ಲ ಮುಗಿದ ಮೇಲೂ ನೀಡಲ್ ಹೊಸದಾಗಿ ಹೊಂದಿಸಲೇಬೇಕು, ಹಳೆಯ ಸ್ಥಾನ ಲೆಕ್ಕಕ್ಕಿಲ್ಲ.

ಟ್ಯೂನ್ಡ್ ಪೈಪ್ (ಒತ್ತಡದ ಅಲೆ ಮರಳಿಸಿ ಶಕ್ತಿ ಹೆಚ್ಚಿಸುವ ಹೊಗೆಕೊಳವೆ) ಇದ್ದವರಿಗೆ ಒಂದೇ ಮಾತು: ಎಂಜಿನ್‌ಗೂ ಪೈಪ್‌ಗೂ ನಡುವಿನ ಜೋಡುಕೊಳವೆಯ, ಅಂದರೆ ಹೆಡರ್‌ನ, ಉದ್ದವನ್ನು ಜಾಗದ ಅನುಕೂಲಕ್ಕಾಗಿ ಬದಲಿಸಬೇಡಿ. ನಿಮಿಷಕ್ಕೆ 15,000 ಸುತ್ತು ಓಡುವ ಎಂಜಿನ್‌ಗೆ ಒಂದು ಸುತ್ತು ಅಂದರೆ 4 ಮಿಲಿಸೆಕೆಂಡ್. ಪೈಪ್‌ನಿಂದ ಮರಳಿ ಬರುವ ಒತ್ತಡದ ಅಲೆ ಅಷ್ಟರೊಳಗೆ ಸರಿಯಾದ ಹೊತ್ತಿಗೆ ಎಂಜಿನ್ ಬಾಗಿಲಿಗೆ ತಲುಪಬೇಕು. ಏನೇ ಮಾಡುವುದಿದ್ದರೂ ಪೈಪ್‌ನ ಬಾಲದ ತುದಿಯಿಂದ ಆಚೆಗೆ ಮಾಡಿ.

ಬೆಸುಗೆಯ ವಿಷಯಕ್ಕೆ ಬರೋಣ. ವಿದ್ಯುತ್ ಕೆಲಸದ ತವರ-ಸೀಸದ ಬೆಸುಗೆ 183 ಡಿಗ್ರಿ ಸೆಲ್ಸಿಯಸ್‌ಗೇ ಕರಗಲು ಶುರು. ಎಂಜಿನ್‌ಗೆ ಹತ್ತಿರದ ಹಿತ್ತಾಳೆ ಜೋಡಣೆಗೆ ಅದನ್ನು ಬಳಸಿ ನಾನೂ ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ, ಎರಡೂ ಅರ್ಥದಲ್ಲಿ. ಅಲ್ಲಿಗೆ ಬೆಳ್ಳಿ ಬೆಸುಗೆಯೇ ಬೇಕು. ಸೈಲೆನ್ಸರ್‌ನಿಂದಾಚೆಗೆ ಸಿಲಿಕೋನ್ ಟ್ಯೂಬ್ ಸಾಕು. ಇನ್ನೂ ಬಿಸಿ ಇರುವ ಕಡೆ ಟೆಫ್ಲಾನ್, ಅದು ಸುಮಾರು 260 ಡಿಗ್ರಿವರೆಗೆ ತಡೆಯುತ್ತದೆ. ಪೆಟ್ರೋಲ್ ಎಂಜಿನ್‌ನ ಹೊಗೆ ಇದಕ್ಕೂ ಬಿಸಿ, ಅಲ್ಲಿ ಲೋಹವೇ ಗತಿ. (ಪೆಟ್ರೋಲ್ ಕಾರ್ಬುರೇಟರ್‌ಗಳಲ್ಲಿ ಸಾಮಾನ್ಯವಾಗಿ ಪಂಪ್ ಒಳಗೇ ಇರುವುದರಿಂದ ಟ್ಯಾಂಕಿನ ಒತ್ತಡದ ಗೋಜು ಮಾತ್ರ ಇರುವುದಿಲ್ಲ.)

ಹೆಚ್ಚಿನವರು ಎಡವುವುದು ಕೊಳವೆಯನ್ನು ಎಲ್ಲಿ ಬಿಗಿಯಬೇಕು ಎಂಬಲ್ಲಿ. ಎಂಜಿನ್ ಕಡೆಯ ತುದಿ ಸದಾ ಅದುರುತ್ತಿರುತ್ತದೆ, ಮೈ ತನ್ನದೇ ಲಯದಲ್ಲಿ ಅದುರುತ್ತದೆ. ಎರಡಕ್ಕೂ ಗಟ್ಟಿಯಾಗಿ ಕಟ್ಟಿದ ಕೊಳವೆ ಕೆಲವೇ ಹಾರಾಟಗಳಲ್ಲಿ ಬಿರುಕು ಬಿಡಬಹುದು. ಇಡೀ ಕೊಳವೆಯನ್ನು ಎಂಜಿನ್ ಫ್ರೇಮ್‌ಗೇ ಹಿಡಿಸಿ, ಮೈಯಲ್ಲಿ ಸುತ್ತಲೂ 5–6 ಮಿ.ಮೀ. ಸಂದು ಇರುವಷ್ಟು ದೊಡ್ಡ ತೂತು ಮಾಡುವುದು ನನ್ನ ರೂಢಿ. ಮೈ ಕಟ್ಟಲು ಬಳಸುವ, ಕೋಣೆಯ ತಾಪದಲ್ಲಿ ಗಟ್ಟಿಯಾಗುವ ಎಪಾಕ್ಸಿ ಅಂಟು 60–70 ಡಿಗ್ರಿಗೇ ಮೆದುವಾಗಬಹುದು. ಮೈಗೆ ಬಿಸಿ ಕೊಳವೆ ತಾಗಬಾರದು ಎನ್ನುವುದಕ್ಕೆ ಅದೂ ಕಾರಣ. ಸಂದಿನಿಂದ ಇನ್ನೊಂದು ಲಾಭವಿದೆ: ರಭಸದಿಂದ ಹೊರನುಗ್ಗುವ ಹೊಗೆ ಮೈಯೊಳಗಿನ ಬಿಸಿಗಾಳಿಯನ್ನೂ ಎಳೆದುಕೊಂಡು ಹೋಗುತ್ತದೆ. ಮೈ ತೊಡಿಸಿದ ಹೆಲಿಕಾಪ್ಟರ್‌ನಲ್ಲಿ ಫ್ಯಾನ್ ಊದಿದ ಬಿಸಿಗಾಳಿಯನ್ನೇ ಮತ್ತೆ ಮತ್ತೆ ಊದುವುದು ದೊಡ್ಡ ಪೀಡೆ. ಹಾಗೆಂದು ದಪ್ಪ ತಾಮ್ರದ ಕೊಳವೆ, ಮೂರು ಕ್ಲಾಂಪು ಎಂದು ಏರಿಸುತ್ತಾ ಹೋದರೆ ಮೂಗಿಗಿಂತ ಮೂಗುತಿ ಭಾರವಾಗಿ, ತೂಕದ ಕೇಂದ್ರ ಮುಖ್ಯ ರೋಟರ್ ದಂಡದಿಂದ ಸರಿದುಬಿಡುತ್ತದೆ.

ಇನ್ನು ಬಾಯಿ ಯಾವ ಕಡೆಗೆ? ನಿಜದ ಬೆಲ್ 206 ಜೆಟ್‌ರೇಂಜರ್‌ನಲ್ಲಿ ಎರಡು ಹೊಗೆಕೊಳವೆಗಳು ಬೆನ್ನಿನ ಮೇಲೆ ಮುಗಿಲಿಗೆ ಮುಖ ಮಾಡಿವೆ. ಹ್ಯೂಸ್ 500ರಲ್ಲಿ ಅದು ಬಾಲದ ಬುಡದ ಕೆಳಗೆ. ಮೇಲ್ಮುಖದ ಕೊಳವೆಯಲ್ಲೇ ನಿಜವಾದ ಹೊಗೆ ಬರಲಿ ಎಂದು ಆಸೆಪಡುವವರಿಗೆ ನಾನು ಲೆಕ್ಕ ಹೇಳುತ್ತೇನೆ. ಗ್ಲೋ ಇಂಧನದಲ್ಲಿ ಎಣ್ಣೆಯ ಪಾಲು ಸುಮಾರು ಶೇ. 20, ಅದರಲ್ಲಿ ಬಹುಪಾಲು ಉರಿಯದೆ ಹೊರಬರುತ್ತದೆ. 400 ಮಿ.ಲೀ. ಟ್ಯಾಂಕ್ ಮುಗಿಯುವಷ್ಟರಲ್ಲಿ 80 ಮಿ.ಲೀ. ಎಣ್ಣೆ. ಮೇಲಕ್ಕೆ ಚಿಮ್ಮಿದ್ದನ್ನು ರೋಟರ್ ಗಾಳಿ ಕೆಳಗೆ ಬಡಿದು ಬಾಲದುದ್ದಕ್ಕೂ ಬಳಿಯುತ್ತದೆ; ಕೊಳವೆ ಗೋಡೆಗೆ ಅಂಟಿದ್ದು ಹಿಂದಕ್ಕೆ ಇಳಿದು ಸೈಲೆನ್ಸರ್‌ನಲ್ಲಿ, ಕೆಟ್ಟ ಅದೃಷ್ಟವಿದ್ದರೆ ಸಿಲಿಂಡರ್‌ನಲ್ಲಿ ಮಡುಗಟ್ಟುತ್ತದೆ. ನಿಜದ ಹೆಲಿಕಾಪ್ಟರ್‌ನ ಟರ್ಬೈನ್ ಎಂಜಿನ್‌ಗೆ ಈ ಪಾಡಿಲ್ಲ. ಬೆನ್ನ ಮೇಲಿನ ಜೋಡಿಯನ್ನು ತೋರಿಕೆಗೆ ಬಿಟ್ಟು, ಹೊಗೆಯನ್ನು ಹೊಟ್ಟೆಯ ಕೆಳಗೆ, ಸ್ವಲ್ಪ ಹಿಂದಕ್ಕೆ ಓರೆಯಾಗಿ ಬಿಡಿ. ಮೇಲಿನ ಕೊಳವೆಗಳನ್ನು ಪೊಳ್ಳು ಬಿಟ್ಟರೆ ಎಂಜಿನ್ ಬಿಸಿಗಾಳಿ ಹೋಗಲು ಅವೇ ಒಳ್ಳೆಯ ಕಿಂಡಿ.

ಮರದ ಅಡ್ಡಪಟ್ಟಿಗಳಿಗೆ ಮೈ ಜೋಡಿಸುವ ಮೊದಲೇ ತೆಳು ಎಪಾಕ್ಸಿ ಬಳಿದಿರಿ. ಎಣ್ಣೆ ಕುಡಿದ ಮರಕ್ಕೆ ಆಮೇಲೆ ಯಾವ ಅಂಟೂ ಹಿಡಿಯುವುದಿಲ್ಲ.

ಮೊದಲ ಹಾರಾಟಕ್ಕೆ ಮುನ್ನ ಕೊಳವೆಯ ಸುತ್ತ, ಕಾರ್ಬುರೇಟರ್ ಗಾಳಿ ಎಳೆಯುವ ಜಾಗದಲ್ಲಿ, ರೇಡಿಯೋ ಸಂಕೇತ ಹಿಡಿಯುವ ರಿಸೀವರ್ ಪಕ್ಕದಲ್ಲಿ ಬಿಳಿ ಟಿಶ್ಯೂ ಚೂರುಗಳನ್ನು ಟೇಪಿನಿಂದ ಅಂಟಿಸಿ. ಅರ್ಧ ಟ್ಯಾಂಕ್ ಹಾರಿಸಿ, ಇಳಿಸಿ, ಮೈ ಬಿಚ್ಚಿ, ಯಾವ ಚೂರಿಗೆ ಎಣ್ಣೆ ತಾಗಿದೆ ನೋಡಿ. ಆ ಜೆಟ್‌ರೇಂಜರ್‌ನಲ್ಲಿ ಒತ್ತಡದ ಟ್ಯೂಬನ್ನು ಹಳೆಯ ಜಾಗಕ್ಕೆ ಮರಳಿಸಿ ಪಿಸ್ಟನ್ ಬದಲಿಸಿದ ಮೇಲೂ ಕಾರ್ಬುರೇಟರ್ ಬಳಿಯ ಚೂರಿನಲ್ಲಿ ಎಣ್ಣೆ ಕಂಡಿತು. ಒಂದು ಗಾಸ್ಕೆಟ್ ಇನ್ನೂ ಸೋರುತ್ತಿತ್ತು.