ಪದ ಪರಿಚಯ: ಪರಿಹಾರ

ನೆರೆಯೋ ಭೂಕಂಪವೋ ಆದ ಮಾರನೆಯ ದಿನ ತಪ್ಪದೆ ಬರುವ ತಲೆಬರಹ: ‘ಸಂತ್ರಸ್ತರಿಗೆ ಪರಿಹಾರ ವಿತರಣೆ’. ಸುದ್ದಿ ಓದುತ್ತ ಹೋದರೆ ಮೊದಲ ಸಾಲಿನಲ್ಲಿ ಪರಿಹಾರ ಎಂದರೆ ಚೆಕ್ಕು, ಎರಡನೆಯದರಲ್ಲಿ ಕಂಬಳಿ, ಕೊನೆಗೆ ಬರುವ ‘ಶಾಶ್ವತ ಪರಿಹಾರ’ ಎಂದರೆ ತಡೆಗೋಡೆ. ಒಂದು ಪದಕ್ಕೆ ಮೂರು ಅರ್ಥ ಇರಬಾರದೆಂದೇನಿಲ್ಲ. ಆದರೆ ಪರಿಹಾರವೆಂದರೆ ಹಂಚುವ ವಸ್ತು ಎಂದೇ ಎಲ್ಲರೂ ನಂಬಿಬಿಟ್ಟಂತಿದೆ, ತಕರಾರು ಅದಕ್ಕೆ.

ಧಾತು ‘ಹೃ’: ಒಯ್ಯು, ಕಳೆ, ಕಸಿದುಕೊ. ಉಪಸರ್ಗವು ಧಾತುವಿನ ಅರ್ಥವನ್ನು ಬಲವಂತವಾಗಿ ಬೇರೆಡೆಗೆ ಎಳೆದೊಯ್ಯುತ್ತದೆ ಎನ್ನುವ ಹಳೆಯ ವ್ಯಾಕರಣ ಶ್ಲೋಕವೊಂದಿದೆ. ಅದು ಕೊಡುವ ಉದಾಹರಣೆ ‘ಪ್ರಹಾರಾಹಾರಸಂಹಾರವಿಹಾರಪರಿಹಾರವತ್’. ಹೊಡೆತ, ಊಟ, ನಾಶ, ಅಡ್ಡಾಟ, ಪರಿಹಾರ ಐದೂ ಒಂದೇ ಧಾತುವಿನಿಂದ ಹುಟ್ಟಿದವು. (ಗಣ್ಯರ ವೈಮಾನಿಕ ಸಮೀಕ್ಷೆ ಇವುಗಳಲ್ಲಿ ಯಾವುದರಡಿ ಬರುತ್ತದೆ ಎಂಬುದನ್ನು ಓದುಗರಿಗೇ ಬಿಡುತ್ತೇನೆ.) ‘ಪರಿ’ ಸೇರಿದ ಮೇಲೆ ಅರ್ಥ ದೂರಮಾಡುವುದು, ನಿವಾರಿಸುವುದು. ಕನ್ನಡ ಶಾಸನಗಳಲ್ಲಿ ಭೂಮಿಯನ್ನು ‘ಸರ್ವಬಾಧಾಪರಿಹಾರ’ವಾಗಿ ದಾನ ಬಿಡುತ್ತಿದ್ದರು, ಅಂದರೆ ತೆರಿಗೆ ಮುಂತಾದ ಎಲ್ಲ ಕಾಟಗಳಿಂದ ಮುಕ್ತವಾಗಿ. ನಷ್ಟಪರಿಹಾರದಲ್ಲಿಯೂ ಕಳೆಯುವುದು ನಷ್ಟವನ್ನೇ, ಹಣ ಅದಕ್ಕೊಂದು ದಾರಿ ಅಷ್ಟೆ. ದೋಷಪರಿಹಾರಕ್ಕೆ ಹೋದವರು ದೋಷ ಹಂಚಿಸಿಕೊಂಡು ಬರುವುದಿಲ್ಲವಲ್ಲ!

ಈ ಮೂಲಾರ್ಥ ನಿಘಂಟಿನಲ್ಲಿ ಮಾತ್ರ ಉಳಿದಿದೆ ಎನ್ನುವವರು ಪರಿಹಾರ ಕಾರ್ಯಕರ್ತರ ಮೊದಲ ದಿನವನ್ನು ನೋಡಬೇಕು. ಅವಶೇಷಗಳಡಿಯಿಂದ ಜನರನ್ನು ಹೊರತೆಗೆಯುವವರು ರಕ್ಷಣಾ ಸಿಬ್ಬಂದಿ, ಅವರ ತರಬೇತಿಯೇ ಬೇರೆ. ಪರಿಹಾರಕ್ಕೆಂದು ಹೋದವರ ಮೊದಲ ದಿನದ ಬಹುಪಾಲು ಎಣಿಸುವುದರಲ್ಲಿ, ಕೇಳುವುದರಲ್ಲಿ ಕಳೆಯುತ್ತದೆ. ಇಲ್ಲಿ ಎಷ್ಟು ಜನ ಇದ್ದಾರೆ, ಕುಡಿಯುವ ನೀರು ಎಲ್ಲಿಂದ, ಶೌಚಾಲಯದ ಬಾಗಿಲಿಗೆ ಒಳಚಿಲಕ ಇದೆಯೇ, ರಾತ್ರಿ ಅಲ್ಲಿ ಬೆಳಕಿದೆಯೇ, ಹೆತ್ತವರಿಂದ ಬೇರ್ಪಟ್ಟ ಮಕ್ಕಳು ಯಾರ ಜೊತೆ ಇದ್ದಾರೆ, ದಿನವೂ ಮಾತ್ರೆ ಬೇಕಾದವರು ಯಾರು, ಲಾರಿ ಎಲ್ಲಿಯವರೆಗೆ ಬರುತ್ತದೆ. ಸಂಜೆ ಉಳಿದ ಸಂಸ್ಥೆಗಳೊಡನೆ ಸಮನ್ವಯ ಸಭೆ. ಕೊಟ್ಟಿದ್ದೇನು ಎಂದು ಕೇಳಿದರೆ ಎಷ್ಟೋ ಸಲ ತೋರಿಸಲು ಏನೂ ಇರುವುದಿಲ್ಲ. ಫೋಟೊ ಹೊಡೆಯಲು ಬಂದವರಿಗೆ ಬೇಸರ.

ಎಣಿಸದೆ ಮಾಡುವಂತೆಯೂ ಇಲ್ಲ. ಸ್ವಯಂಸೇವಾ ಸಂಸ್ಥೆಗಳೂ ರೆಡ್‌ಕ್ರಾಸ್ ಚಳವಳಿಯೂ ಸೇರಿ 1997ರಲ್ಲಿ ಆರಂಭಿಸಿದ ‘ಸ್ಫಿಯರ್’ ಯೋಜನೆಯ ಮಾನದಂಡಗಳನ್ನೇ ನೋಡಿ: ತಲೆಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು, 3.5 ಚದರ ಮೀಟರ್ ಸೂರಿನಡಿಯ ಜಾಗ, 20 ಜನಕ್ಕೊಂದು ಶೌಚಾಲಯ, ತೀರಾ ಆರಂಭದಲ್ಲಿ 50 ಜನಕ್ಕೊಂದಾದರೂ. ಒಂದು ಶಾಲೆಯಲ್ಲಿ 600 ಮಂದಿ ತಂಗಿದ್ದಾರೆ ಎಂದು ಗೊತ್ತಾದರೆ ದಿನಕ್ಕೆ 9,000 ಲೀಟರ್ ನೀರು, ತಕ್ಷಣಕ್ಕೆ 12 ಶೌಚಾಲಯ ಎಂದು ಲೆಕ್ಕ ಸಿಗುತ್ತದೆ. ‘ಸುಮಾರು ಜನ’ ಎಂದರೆ ಏನೂ ಸಿಗುವುದಿಲ್ಲ, ವಾರ ಕಳೆಯುವುದರೊಳಗೆ ವಾಂತಿಭೇದಿ ಬೇಕಾದರೆ ಸಿಗಬಹುದು. ಆ ಭೇದಿ ಬಾರದಂತೆ ನೋಡಿಕೊಳ್ಳುವುದೇ ಪರಿಹಾರ. ಶಾಸನದ ಬಾಧಾಪರಿಹಾರಕ್ಕೂ ಇದಕ್ಕೂ ಅರ್ಥದಲ್ಲಿ ಕೂದಲೆಳೆಯ ಅಂತರವಿಲ್ಲ.

ಕೇಳದೆ ಹಂಚಿದರೆ ಏನಾಗುತ್ತದೆ ಎಂಬುದಕ್ಕೆ 2004ರ ಸುನಾಮಿ ಇದೆ. ತಮಿಳುನಾಡಿನ ಕರಾವಳಿಗೆ ಬಂದು ಬಿದ್ದ ಹಳೆಯ ಬಟ್ಟೆಯನ್ನು ಜನ ಮುಟ್ಟಲಿಲ್ಲ, ಅದು ರಸ್ತೆ ಬದಿಯಲ್ಲಿ ರಾಶಿರಾಶಿಯಾಗಿ ಕೊಳೆಯಿತು. ಅದನ್ನು ಸಾಗಿಸುವ ಕೆಲಸ ಬೇರೆ. ಬಾಧೆ ಒಂದು ಹೆಚ್ಚಿತಲ್ಲದೆ ಕಳೆಯಲಿಲ್ಲ.

ಕಂಬಳಿ ಕೊಟ್ಟರೆ ‘ಪರಿಹಾರ ಸಾಮಗ್ರಿ ವಿತರಣೆ’ ಎನ್ನಿ, ಆ ‘ಸಾಮಗ್ರಿ’ಗೆ ತಲೆಬರಹದಲ್ಲಿ ಜಾಗ ಸಾಲುತ್ತದೆ. ಚೆಕ್ಕಿಗೆ ನಷ್ಟಪರಿಹಾರ ಅಥವಾ ಪರಿಹಾರಧನ. ಬರೀ ‘ಪರಿಹಾರ ವಿತರಿಸಿದರು’ ಎಂದು ಬರೆಯುವವರು, ಯಾವ ತೊಂದರೆ ಪರಿಹಾರವಾಯಿತು ಎಂಬುದನ್ನೂ ಒಂದು ಸಾಲಿನಲ್ಲಿ ಬರೆಯಲಿ.