ಮೂರರಲ್ಲೊಂದು ಮತ, ಮೂರರಲ್ಲೆರಡು ಸೀಟು: ಬ್ರಿಟನ್ನಿನ ಮುಗಿಯದ ತಕರಾರು

2024ರ ಜುಲೈ 5ರಂದು ಬ್ರಿಟನ್ ಚುನಾವಣೆಯ ಫಲಿತಾಂಶ ಹೊರಬಿದ್ದಾಗ ನಮ್ಮ ಪತ್ರಿಕೆ, ಟಿ.ವಿ.ಗಳಲ್ಲಿ ಎದ್ದು ಕಂಡ ಸುದ್ದಿ ‘ಕರ್ನಾಟಕದ ಅಳಿಯ’ ಕನ್ಸರ್ವೇಟಿವ್ ಪಕ್ಷದ ಪ್ರಧಾನಿ ರಿಷಿ ಸುನಕ್ ಅವರ ಸೋಲು. ಇನ್ಫೊಸಿಸ್ ನಾರಾಯಣಮೂರ್ತಿಯವರ ಮನೆಯ ನಂಟು ಇರುವುದರಿಂದ ಅದು ಸಹಜವೇ. ಆದರೆ ಸುನಕ್ ಸೋಲು ಅಲ್ಲಿನ ಜನರಿಗೆ ಅಚ್ಚರಿಯೇನೂ ಆಗಿರಲಿಲ್ಲ. ಅವರು ಅಂದಿನಿಂದ ಇಂದಿನವರೆಗೂ ಜಗಳವಾಡುತ್ತಿರುವುದು ಕಿಯರ್ ಸ್ಟಾರ್ಮರ್ ಅವರ ಲೇಬರ್ ಪಕ್ಷ ಗೆದ್ದ ರೀತಿಯ ಬಗ್ಗೆ.

ಲೆಕ್ಕ ನೋಡಿ. ಲೇಬರ್‌ಗೆ ಬಿದ್ದ ಮತ ಶೇ 33.7. ಸಿಕ್ಕ ಸೀಟು 650ರಲ್ಲಿ 411. ಇಷ್ಟು ಕಡಿಮೆ ಮತ ಪಡೆದ ಯಾವ ಪಕ್ಷವೂ ಬ್ರಿಟನ್ನಿನಲ್ಲಿ ಹಿಂದೆ ಸ್ವಂತ ಬಹುಮತದ ಸರ್ಕಾರ ಮಾಡಿರಲಿಲ್ಲ. ನೈಜೆಲ್ ಫರಾಜ್ ಅವರ ರಿಫಾರ್ಮ್ ಯುಕೆ ಪಕ್ಷಕ್ಕೆ ಸುಮಾರು 41 ಲಕ್ಷ ಮತ, ಅಂದರೆ ಶೇ 14.3. ಸೀಟು ಐದೇ ಐದು. ಲಿಬರಲ್ ಡೆಮಾಕ್ರಟರಿಗೆ ಮತ ಅದಕ್ಕಿಂತ ಕಡಿಮೆ, ಶೇ 12.2. ಆದರೆ ಸೀಟು 72! ಒಟ್ಟು ಮತವನ್ನು ಗೆದ್ದ ಸಂಸದರ ಸಂಖ್ಯೆಯಿಂದ ಭಾಗಿಸಿದರೆ ಲೇಬರ್ ಸಂಸದರೊಬ್ಬರ ಹಿಂದೆ ಸುಮಾರು 23,600 ಮತ ಇದ್ದರೆ, ರಿಫಾರ್ಮ್ ಸಂಸದರೊಬ್ಬರ ಹಿಂದೆ 8 ಲಕ್ಷಕ್ಕೂ ಹೆಚ್ಚು ಮತ. ಜೆರೆಮಿ ಕಾರ್ಬಿನ್ ನಾಯಕತ್ವದಲ್ಲಿ 2019ರಲ್ಲಿ ಲೇಬರ್ ಹೀನಾಯವಾಗಿ ಸೋತಾಗ ಆ ಪಕ್ಷಕ್ಕೆ ಬಿದ್ದಿದ್ದ ಮತಗಳ ಸಂಖ್ಯೆ 2024ರ ಭರ್ಜರಿ ಗೆಲುವಿನಲ್ಲಿ ಬಿದ್ದದ್ದಕ್ಕಿಂತ ಹೆಚ್ಚು. ಮತಗಟ್ಟೆಗೆ ಬಂದವರೇ ಶೇ 60ರಷ್ಟು ಮಂದಿ ಎಂಬುದನ್ನೂ ಇದಕ್ಕೆ ಸೇರಿಸಿಕೊಂಡರೆ, ‘ಜನಾದೇಶ’ ಎಂದು ಟಿ.ವಿ. ಪರದೆಗಳಲ್ಲಿ ಮಿನುಗಿದ್ದರ ತೂಕ ಎಷ್ಟೆಂದು ಗೊತ್ತಾಗುತ್ತದೆ.

ಒಂದು ಕ್ಷೇತ್ರವನ್ನು ಹತ್ತಿರದಿಂದ ನೋಡೋಣ. ಸೌತ್ ವೆಸ್ಟ್ ನಾರ್ಫೋಕ್, ಮಾಜಿ ಪ್ರಧಾನಿ ಲಿಜ್ ಟ್ರಸ್ ಅವರ ಕ್ಷೇತ್ರ. 2019ರಲ್ಲಿ ಅವರು 26 ಸಾವಿರಕ್ಕೂ ಹೆಚ್ಚು ಅಂತರದಿಂದ ಗೆದ್ದಿದ್ದರು. 2024ರಲ್ಲಿ ಫಲಿತಾಂಶ ಘೋಷಣೆಯಾಗುವಷ್ಟರಲ್ಲಿ ಬೆಳಗಾಗಿತ್ತು. ಟ್ರಸ್ ವೇದಿಕೆಗೆ ಬರುವುದು ತಡವಾಯಿತೆಂದು ಕಾದು ಬೇಸತ್ತ ಜನ ನಿಧಾನವಾಗಿ ಚಪ್ಪಾಳೆ ತಟ್ಟುತ್ತಿದ್ದರು. ಕೊನೆಗೆ ಚುನಾವಣಾಧಿಕಾರಿ ಅಂಕಿ ಓದಿದರು: ಲೇಬರ್‌ನ ಟೆರಿ ಜರ್ಮಿಗೆ 11,847, ಟ್ರಸ್‌ಗೆ 11,217. ಅಂತರ 630. ಟ್ರಸ್ ಸೋತ ದೃಶ್ಯವನ್ನು ದೇಶವೇ ಸಂಭ್ರಮಿಸಿತು. ಆ ಸಂಭ್ರಮದಲ್ಲಿ ಹೆಚ್ಚಿನವರ ಗಮನಕ್ಕೆ ಬಾರದ ಸಂಗತಿಯೆಂದರೆ, ಗೆದ್ದ ಜರ್ಮಿ ಪಡೆದ ಮತ ಶೇ 26.7 ಮಾತ್ರ. ಮತ ಹಾಕಿದ ನಾಲ್ವರಲ್ಲಿ ಸುಮಾರು ಮೂವರು ಬೇರೆಯವರನ್ನು ಬಯಸಿದ್ದರು. ರಿಫಾರ್ಮ್ ಅಭ್ಯರ್ಥಿಗೆ ಹತ್ತಿರಹತ್ತಿರ 10 ಸಾವಿರ ಮತ ಬಿದ್ದಿತ್ತು, ಸ್ಥಳೀಯ ಪಕ್ಷೇತರರೊಬ್ಬರು 6 ಸಾವಿರಕ್ಕೂ ಹೆಚ್ಚು ಪಡೆದಿದ್ದರು. ಇಂಥ ಕ್ಷೇತ್ರಗಳನ್ನು ಒಂದರ ಪಕ್ಕ ಒಂದು ಇಟ್ಟರೆ ಸಿಗುವುದೇ ಆ 411.

ಇದೆಲ್ಲ ನಮಗೇನೂ ಹೊಸದಲ್ಲ. ಹೆಚ್ಚು ಮತ ಪಡೆದವರೇ ಗೆದ್ದಂತೆ ಎಂಬ ಪದ್ಧತಿಯನ್ನು ನಾವು ಪಡೆದದ್ದೇ ಬ್ರಿಟನ್ನಿನಿಂದ. 2018ರ ಕರ್ನಾಟಕ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ ಶೇ 38ರಷ್ಟು ಮತ, 78 ಸೀಟು. ಬಿಜೆಪಿಗೆ ಶೇ 36ರಷ್ಟು ಮತ, 104 ಸೀಟು. 2008ರಲ್ಲೂ ಮತದಲ್ಲಿ ಮುಂದಿದ್ದುದು ಕಾಂಗ್ರೆಸ್, ಸೀಟಿನಲ್ಲಿ ಮುಂದಿದ್ದುದು ಬಿಜೆಪಿ. ನಮ್ಮಲ್ಲಿ ಇದು ಒಂದೆರಡು ದಿನ ಪತ್ರಿಕೆಯ ಪಟ್ಟಿಯಲ್ಲಿ ಕಾಣಿಸಿ ಮರೆಯಾಗುತ್ತದೆ. ಬ್ರಿಟನ್ನಿನಲ್ಲಿ ಹಾಗಲ್ಲ. ಅಲ್ಲಿ ಈ ತಕರಾರಿಗೆ ಒಂದೂವರೆ ಶತಮಾನದ ವಯಸ್ಸಾಗಿದೆ.

1860ರ ದಶಕದಲ್ಲಿ ವಕೀಲ ಥಾಮಸ್ ಹೇರ್ ಮತದಾರರು ಅಭ್ಯರ್ಥಿಗಳಿಗೆ 1, 2, 3 ಎಂದು ಪ್ರಾಶಸ್ತ್ಯ ಕೊಡುವ ವಿಧಾನವೊಂದನ್ನು ಪ್ರಚುರಪಡಿಸುತ್ತಿದ್ದರು. ಆಗ ಸಂಸದರಾಗಿದ್ದ ಜಾನ್ ಸ್ಟುವರ್ಟ್ ಮಿಲ್ 1867ರಲ್ಲಿ ಅದನ್ನು ಸಂಸತ್ತಿನಲ್ಲೇ ಪ್ರತಿಪಾದಿಸಿದರು; ಯಾರೂ ಕಿವಿಗೊಡಲಿಲ್ಲ. 1884ರಲ್ಲಿ ಜಾನ್ ಲಬಕ್ ಮತ್ತು ಗೆಳೆಯರು ಕಟ್ಟಿದ ಪ್ರಮಾಣಾನುಗುಣ ಪ್ರಾತಿನಿಧ್ಯದ (ಅಂದರೆ, ಬಿದ್ದ ಮತದ ಪ್ರಮಾಣಕ್ಕೆ ತಕ್ಕಷ್ಟು ಸೀಟು) ಸಂಘ ಇವತ್ತಿಗೂ ಎಲೆಕ್ಟೊರಲ್ ರಿಫಾರ್ಮ್ ಸೊಸೈಟಿ ಎಂಬ ಹೆಸರಿನಲ್ಲಿ ಕೆಲಸ ಮಾಡುತ್ತಿದೆ. ಮೊದಲ ಮಹಾಯುದ್ಧದ ಕೊನೆಯಲ್ಲಿ ಬದಲಾವಣೆ ಕೈಗೆಟಕುವಷ್ಟು ಹತ್ತಿರ ಬಂದಿತ್ತು. ಸ್ಪೀಕರ್ ಅಧ್ಯಕ್ಷತೆಯ ಸಮಿತಿಯೇ ಶಿಫಾರಸು ಮಾಡಿತ್ತು. ಆದರೆ ಕೆಳಮನೆಗೆ ಒಂದು ವಿಧಾನ ಬೇಕಿತ್ತು, ಮೇಲ್ಮನೆಗೆ ಇನ್ನೊಂದು. ಇಬ್ಬರ ಹಗ್ಗಜಗ್ಗಾಟದಲ್ಲಿ ಎರಡೂ ಬಿದ್ದುಹೋದವು. ಒಂದಕ್ಕಿಂತ ಹೆಚ್ಚು ಸೀಟಿದ್ದ ವಿಶ್ವವಿದ್ಯಾಲಯ ಕ್ಷೇತ್ರಗಳಿಗಷ್ಟೇ ಹೊಸ ವಿಧಾನ ಉಳಿಯಿತು. 1931ರಲ್ಲಿ ರಾಮ್ಸೆ ಮ್ಯಾಕ್‌ಡೊನಾಲ್ಡ್ ಸರ್ಕಾರದ ಮಸೂದೆ ಕೆಳಮನೆ ದಾಟಿತ್ತು. ಆ ಆಗಸ್ಟ್‌ನಲ್ಲಿ ಆರ್ಥಿಕ ಬಿಕ್ಕಟ್ಟಿಗೆ ಸರ್ಕಾರವೇ ಉರುಳಿತು, ಮಸೂದೆಯೂ ಹೋಯಿತು.

ಆಮೇಲೆ ಬಂದದ್ದು ಎರಡು ಪಕ್ಷಗಳ ಕಾಲ. 1951ರ ಚುನಾವಣೆಯನ್ನು ಇಲ್ಲಿ ನೆನೆಯಲೇಬೇಕು. ಕ್ಲೆಮೆಂಟ್ ಆಟ್ಲಿ ಅವರ ಲೇಬರ್‌ಗೆ ಸುಮಾರು 1.39 ಕೋಟಿ ಮತ. ಚರ್ಚಿಲ್ ಅವರ ಕನ್ಸರ್ವೇಟಿವ್ ಕೂಟಕ್ಕೆ ಸುಮಾರು 1.37 ಕೋಟಿ. ಸೀಟು ಮಾತ್ರ ಚರ್ಚಿಲ್ ಕಡೆ 321, ಆಟ್ಲಿ ಕಡೆ 295. ಹೆಚ್ಚು ಮತ ಪಡೆದ ಆಟ್ಲಿ ಮನೆಗೆ ಹೋದರು, ಚರ್ಚಿಲ್ ಮತ್ತೆ ಪ್ರಧಾನಿಯಾದರು. ಆದರೂ ಲೇಬರ್ ಪಕ್ಷ ಪದ್ಧತಿಯನ್ನೇ ಬದಲಿಸಿ ಎಂದು ಬೀದಿಗಿಳಿಯಲಿಲ್ಲ. ಮುಂದಿನ ಸಲ ಅದೇ ಪದ್ಧತಿ ತನಗೂ ಅನುಕೂಲ ಮಾಡಿಕೊಡಬಹುದೆಂಬ ಲೆಕ್ಕ ಅದಕ್ಕಿತ್ತು. ಶೇ 97ರಷ್ಟು ಮತಗಳು ಎರಡೇ ಬಣಗಳ ನಡುವೆ ಹಂಚಿಹೋಗುತ್ತಿದ್ದ ಕಾಲದಲ್ಲಿ ಉಳಿದವರ ಗೊಣಗಾಟ ಯಾರಿಗೂ ಕೇಳಿಸುತ್ತಿರಲಿಲ್ಲ.

ನನ್ನ ಮಟ್ಟಿಗೆ ಈ ಇಡೀ ಇತಿಹಾಸದ ಬೀಗದ ಕೈ ಇಲ್ಲೇ ಇದೆ. ಪದ್ಧತಿ ಬದಲಿಸಬೇಕಾದವರು ಅಧಿಕಾರದಲ್ಲಿರುವವರು. ಅಧಿಕಾರದಲ್ಲಿರುವವರು ಗೆದ್ದದ್ದೇ ಆ ಪದ್ಧತಿಯಿಂದ.

ಎರಡು ಪಕ್ಷಗಳ ಹಿಡಿತ ಸಡಿಲಗೊಂಡದ್ದು 1974ರ ಫೆಬ್ರುವರಿಯಲ್ಲಿ. ಗಣಿ ಕಾರ್ಮಿಕರ ಮುಷ್ಕರ, ವಿದ್ಯುತ್ ಉಳಿಸಲು ವಾರಕ್ಕೆ ಮೂರೇ ದಿನ ಕೆಲಸ ಎಂಬ ಸ್ಥಿತಿಯಲ್ಲಿ ಕನ್ಸರ್ವೇಟಿವ್ ಪ್ರಧಾನಿ ಎಡ್ವರ್ಡ್ ಹೀತ್ ಚುನಾವಣೆಗೆ ಹೋದರು. ಲೇಬರ್‌ಗಿಂತ ಎರಡು ಲಕ್ಷಕ್ಕೂ ಹೆಚ್ಚು ಮತ ಪಡೆದರೂ ಸೀಟಿನಲ್ಲಿ 297–301ರಿಂದ ಹಿಂದೆ ಬಿದ್ದರು. ಸುಮಾರು 60 ಲಕ್ಷ ಮತ ಪಡೆದ ಲಿಬರಲ್ ಪಕ್ಷಕ್ಕೆ 14 ಸೀಟು. ಆ ವಾರಾಂತ್ಯವಿಡೀ ಹೀತ್ ಕುರ್ಚಿ ಬಿಡದೆ ಲಿಬರಲ್ ನಾಯಕ ಜೆರೆಮಿ ಥಾರ್ಪ್ ಜೊತೆ ಮೈತ್ರಿಗೆ ಯತ್ನಿಸಿದರು. ಥಾರ್ಪ್ ಕೇಳಿದ್ದು ಚುನಾವಣಾ ಸುಧಾರಣೆ. ಹೀತ್ ಕೊಡಲು ಸಿದ್ಧರಿದ್ದುದು ಅದರ ಬಗ್ಗೆ ಇನ್ನೊಂದು ಸಮಿತಿ. ಮಾತುಕತೆ ಮುರಿಯಿತು, ಲೇಬರ್‌ನ ಹೆರಾಲ್ಡ್ ವಿಲ್ಸನ್ ಪ್ರಧಾನಿಯಾದರು. 1983ರಲ್ಲಂತೂ ಲಿಬರಲ್ಲರು ಮತ್ತು ಸೋಷಿಯಲ್ ಡೆಮಾಕ್ರಟರ ಕೂಟಕ್ಕೆ ಶೇ 25.4 ಮತ ಬಂದು 23 ಸೀಟು ಸಿಕ್ಕವು. ಅದಕ್ಕಿಂತ ಬರೀ ಎರಡು ಚಿಲ್ಲರೆ ಅಂಶ ಹೆಚ್ಚು ಪಡೆದ ಲೇಬರ್‌ಗೆ 209. ಊರೂರಲ್ಲಿ ಎರಡನೇ ಸ್ಥಾನಕ್ಕೆ ಬಂದವರಿಗೆ ಈ ಪದ್ಧತಿಯಲ್ಲಿ ಏನೂ ದಕ್ಕುವುದಿಲ್ಲ ಎಂಬುದಕ್ಕೆ ಇದಕ್ಕಿಂತ ನಿಚ್ಚಳ ಉದಾಹರಣೆ ಬೇಕಿಲ್ಲ.

1997ರಲ್ಲಿ ಲೇಬರ್‌ನ ಟೋನಿ ಬ್ಲೇರ್ ಪ್ರಣಾಳಿಕೆಯಲ್ಲೇ ಮತಪದ್ಧತಿಯ ಬಗ್ಗೆ ಜನಮತಗಣನೆಯ ಭರವಸೆ ಕೊಟ್ಟಿದ್ದರು. ಗೆದ್ದದ್ದು 418 ಸೀಟು. ಪರ್ಯಾಯ ಪದ್ಧತಿ ಸೂಚಿಸಲು ನೇಮಿಸಿದ ರಾಯ್ ಜೆಂಕಿನ್ಸ್ ಆಯೋಗ ಮರುವರ್ಷ ವರದಿ ಕೊಟ್ಟಿತು. 418 ಸೀಟು ಗೆದ್ದವರಿಗೆ ಆ ವರದಿ ಓದುವ ಅವಸರ ಇರಲಿಲ್ಲ.

ಕಡೆಗೂ ಜನರ ಮುಂದೆ ಪ್ರಶ್ನೆ ಬಂದದ್ದು 2011ರ ಮೇ 5ರಂದು. 2010ರ ಅತಂತ್ರ ಸಂಸತ್ತಿನಲ್ಲಿ ಕನ್ಸರ್ವೇಟಿವ್ ನಾಯಕ ಡೇವಿಡ್ ಕ್ಯಾಮರೂನ್ ಜೊತೆ ಸೇರಲು ಲಿಬರಲ್ ಡೆಮಾಕ್ರಟ್ ನಾಯಕ ನಿಕ್ ಕ್ಲೆಗ್ ಹಾಕಿದ ಷರತ್ತುಗಳಲ್ಲಿ ಇದೂ ಒಂದು. ಮತಪತ್ರದಲ್ಲಿದ್ದ ‘ಪರ್ಯಾಯ ಮತ’ ವಿಧಾನ ನಮಗೆ ಅಪರಿಚಿತವಲ್ಲ. ನಮ್ಮ ವಿಧಾನ ಪರಿಷತ್ತಿನ ಪದವೀಧರ, ಶಿಕ್ಷಕರ ಕ್ಷೇತ್ರಗಳಲ್ಲಿ ಮತ ಹಾಕಿದವರನ್ನು ಕೇಳಿ: ಇಷ್ಟವಾದವರಿಗೆ 1, ನಂತರದವರಿಗೆ 2 ಎಂದು ಬರೆಯುತ್ತಾರೆ, ಯಾರಿಗೂ ಮೊದಲ ಪ್ರಾಶಸ್ತ್ಯದ ಮತಗಳಲ್ಲಿ ನಿಗದಿತ ಸಂಖ್ಯೆ ಬರದಿದ್ದರೆ ಕೊನೆಯವರನ್ನು ಕೈಬಿಟ್ಟು ಅವರ ಎರಡನೇ ಪ್ರಾಶಸ್ತ್ಯದ ಮತಗಳನ್ನು ಹಂಚುತ್ತಾ ಹೋಗುತ್ತಾರೆ. ಬ್ರಿಟನ್ನಿನಲ್ಲಿ ಕೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಇದು ಪ್ರಮಾಣಾನುಗುಣ ಪ್ರಾತಿನಿಧ್ಯವಲ್ಲ, ಅದರ ಕಡೆಗೆ ಅರ್ಧ ಹೆಜ್ಜೆ. ವಿರೋಧಿ ಪಾಳೆಯದವರು ಆಸ್ಪತ್ರೆಯಲ್ಲಿ ಮಲಗಿದ ಹಸುಗೂಸಿನ ಚಿತ್ರ ಹಾಕಿ, ಈ ಮಗುವಿಗೆ ಬೇಕಿರುವುದು ಹೆರಿಗೆ ವಾರ್ಡು, ಹೊಸ ಮತಪದ್ಧತಿಯಲ್ಲ ಎಂಬ ಪೋಸ್ಟರ್ ಅಂಟಿಸಿದರು. ಇತ್ತ, ಶುಲ್ಕ ಏರಿಸುವುದಿಲ್ಲವೆಂದು ಮಾತು ಕೊಟ್ಟು ವಿಶ್ವವಿದ್ಯಾಲಯ ಶುಲ್ಕ ಏರಿಸಲು ಒಪ್ಪಿದ ಕ್ಲೆಗ್ ಮೇಲೆ ವಿದ್ಯಾರ್ಥಿಗಳ ಕೋಪ ಕುದಿಯುತ್ತಿತ್ತು. ಬೇಡ ಎಂದವರು ಸುಮಾರು 1.3 ಕೋಟಿ, ಬೇಕು ಎಂದವರು ಅದರ ಅರ್ಧಕ್ಕೂ ಕಡಿಮೆ. ಅರ್ಹ ಮತದಾರರಲ್ಲಿ ಶೇ 42ರಷ್ಟು ಮಂದಿ ಮಾತ್ರ ಮತ ಹಾಕಿದ ಆ ದಿನವನ್ನು, ಜನರೇ ಬೇಡ ಎಂದಿದ್ದಾರೆ ಎಂದು ಇವತ್ತಿಗೂ ಮುಂದಿಡಲಾಗುತ್ತದೆ. ಆ ವಾದ ನನಗೆ ಒಪ್ಪಿಗೆಯಿಲ್ಲ. ಸುಧಾರಣಾವಾದಿಗಳು ದಶಕಗಳಿಂದ ಕೇಳುತ್ತಿದ್ದ ಪದ್ಧತಿ ಆ ಮತಪತ್ರದಲ್ಲಿ ಇರಲೇ ಇಲ್ಲ.

ನಾಲ್ಕೇ ವರ್ಷಕ್ಕೆ 2015ರ ಮೇ 7 ಬಂತು. ಅತಂತ್ರ ಸಂಸತ್ತು ಖಚಿತ ಎಂದೇ ಸಮೀಕ್ಷೆಗಳೆಲ್ಲ ಹೇಳಿದ್ದವು. ರಾತ್ರಿ ಹತ್ತು ಗಂಟೆಗೆ ಮತಗಟ್ಟೆ ಸಮೀಕ್ಷೆ ಕನ್ಸರ್ವೇಟಿವ್ ಪಕ್ಷಕ್ಕೆ 316 ಎಂದಾಗ ಲಿಬರಲ್ ಡೆಮಾಕ್ರಟರ ಹಿರಿಯ ನಾಯಕ ಪ್ಯಾಡಿ ಆಶ್‌ಡೌನ್, ಇದು ನಿಜವಾದರೆ ನನ್ನ ಟೋಪಿಯನ್ನೇ ತಿನ್ನುತ್ತೇನೆ ಎಂದುಬಿಟ್ಟರು. ಬಂದದ್ದು ಅದಕ್ಕೂ ಹೆಚ್ಚು. ಅವರ ಪಕ್ಷ 8 ಸೀಟಿಗೆ ಕುಸಿಯಿತು. ಎರಡು ದಿನಗಳಲ್ಲಿ ಪ್ರಧಾನಿ ನಿವಾಸವಿರುವ ಡೌನಿಂಗ್ ಸ್ಟ್ರೀಟ್ ಎದುರು ಪ್ರತಿಭಟನೆ ನಡೆದು, ಎರಡನೇ ಮಹಾಯುದ್ಧದಲ್ಲಿ ದುಡಿದ ಮಹಿಳೆಯರ ಸ್ಮಾರಕದ ಮೇಲೆ ಯಾರೋ ಬೈಗುಳ ಗೀಚಿದರು. ಸಿಟ್ಟು ನ್ಯಾಯವಾದದ್ದೇ ಇದ್ದರೂ ಅದನ್ನು ತೋರಿದ ಜಾಗ ತಪ್ಪು ಎಂದು ಎಡ, ಬಲ ಎರಡೂ ಕಡೆಯವರು ಖಂಡಿಸಿದರು.

ಹೆಚ್ಚು ಮುಖ್ಯವಾದದ್ದು ಅದೇ ತಿಂಗಳು ನಡೆದ ಇನ್ನೊಂದು ಬೆಳವಣಿಗೆ. ಫರಾಜ್ ಆಗ ಮುನ್ನಡೆಸುತ್ತಿದ್ದ, ಯುರೋಪಿಯನ್ ಒಕ್ಕೂಟದಿಂದ ಹೊರಬರಬೇಕೆನ್ನುತ್ತಿದ್ದ ಯುಕಿಪ್‌ ಪಕ್ಷಕ್ಕೆ 38 ಲಕ್ಷಕ್ಕೂ ಹೆಚ್ಚು ಮತ ಬಿದ್ದು ಒಂದೇ ಒಂದು ಸೀಟು ಸಿಕ್ಕಿತ್ತು. ಗ್ರೀನ್ ಪಕ್ಷಕ್ಕೂ 11 ಲಕ್ಷಕ್ಕೂ ಹೆಚ್ಚು ಮತಕ್ಕೆ ಒಂದು ಸೀಟು. ಸ್ಕಾಟ್ಲೆಂಡಿನಲ್ಲಷ್ಟೇ ಸ್ಪರ್ಧಿಸಿದ್ದ ಎಸ್‌ಎನ್‌ಪಿ (ಸ್ಕಾಟಿಷ್ ನ್ಯಾಷನಲ್ ಪಾರ್ಟಿ) ಸುಮಾರು 14.5 ಲಕ್ಷ ಮತಕ್ಕೆ ಅಲ್ಲಿನ 59ರಲ್ಲಿ 56 ಸೀಟು ಬಾಚಿತ್ತು. ವಲಸೆ, ಯುರೋಪು, ಹವಾಮಾನ, ಯಾವುದರಲ್ಲೂ ಮುಖ ಕೊಟ್ಟು ಮಾತಾಡದ ಯುಕಿಪ್ ಮತ್ತು ಗ್ರೀನ್ ಪಕ್ಷದವರು ಒಟ್ಟಾಗಿ, ಸುಮಾರು ಐದು ಲಕ್ಷ ಸಹಿಗಳಿದ್ದ ಮನವಿಯನ್ನು ಡೌನಿಂಗ್ ಸ್ಟ್ರೀಟಿಗೆ ಒಯ್ದರು. ಅತಿ ಹೆಚ್ಚು ಲಾಭ ಪಡೆದಿದ್ದ ಎಸ್‌ಎನ್‌ಪಿ ಕೂಡ ಬದಲಾವಣೆಯ ಪರವಾಗಿಯೇ ನಿಂತಿತು. ಗೆದ್ದ ಮೇಲೂ ಮಾತು ತಪ್ಪದ ಅಪರೂಪದ ಪಕ್ಷವೆಂದು ಅದನ್ನು ಮೆಚ್ಚಲೇಬೇಕು.

ಹಳೆಯ ಪದ್ಧತಿಯ ಪರವಾಗಿಯೂ ಗಟ್ಟಿ ಮಾತುಗಳಿವೆ. ಒಂದು ಕ್ಷೇತ್ರ, ಒಬ್ಬ ಸಂಸದ ಎಂಬ ನೇರ ಸಂಬಂಧ ಅಲ್ಲಿ ಬರೀ ಬಾಯಿಮಾತಲ್ಲ. ಬಹುತೇಕ ಸಂಸದರು ತಮ್ಮ ಕ್ಷೇತ್ರದ ಗ್ರಂಥಾಲಯದಲ್ಲೋ ಚರ್ಚ್ ಸಭಾಂಗಣದಲ್ಲೋ ಕೂತು, ಮನೆ ಸೋರುತ್ತಿದೆ, ವೀಸಾ ಬರಲಿಲ್ಲ ಎಂದು ಬರುವ ಜನರ ಅಹವಾಲು ಕೇಳುತ್ತಾರೆ. ಬೇಡವಾದ ಸರ್ಕಾರವನ್ನು ಒಂದೇ ರಾತ್ರಿಯಲ್ಲಿ ಕಿತ್ತೊಗೆಯುವ ಶಕ್ತಿಯೂ ಈ ಪದ್ಧತಿಗಿದೆ. ನಮ್ಮ ಸಂವಿಧಾನ ಸಭೆಯಲ್ಲಿ ಪ್ರಮಾಣಾನುಗುಣ ಪ್ರಾತಿನಿಧ್ಯದ ಬೇಡಿಕೆ ಬಂದಾಗ ಅಂಬೇಡ್ಕರ್ ಅದನ್ನು ಒಪ್ಪದಿರಲು ಸಾಕ್ಷರತೆಯ ಜೊತೆಗೆ ಸರ್ಕಾರದ ಸ್ಥಿರತೆಯೂ ಕಾರಣವಾಗಿತ್ತು. ಆದರೆ 2016ರಿಂದ 2024ರ ನಡುವೆ ಬ್ರಿಟನ್ ಕಂಡ ಪ್ರಧಾನಿಗಳು ಕ್ಯಾಮರೂನ್, ಮೇ, ಜಾನ್ಸನ್, ಟ್ರಸ್, ಸುನಕ್, ಸ್ಟಾರ್ಮರ್. ಸ್ಥಿರತೆಯ ವಾದ ಅಲ್ಲಿ ಮೊದಲಿನಷ್ಟು ಗಟ್ಟಿಯಾಗಿ ಉಳಿದಿಲ್ಲ.

2024ರ ಫಲಿತಾಂಶದ ನಂತರ ಸಿಟ್ಟು ಎರಡು ದಾರಿ ಹಿಡಿಯಿತು. ಚಳಿಗಾಲದಲ್ಲಿ ಮನೆ ಬೆಚ್ಚಗಿಡಲು ವೃದ್ಧರಿಗೆ ಕೊಡುತ್ತಿದ್ದ ಭತ್ಯೆಗೆ ಕತ್ತರಿ ಬಿತ್ತು, ರೈತರ ಜಮೀನಿನ ಮೇಲೂ ಪಿತ್ರಾರ್ಜಿತ ಆಸ್ತಿ ತೆರಿಗೆಯ ಘೋಷಣೆಯಾಯಿತು. ನವೆಂಬರ್ ಹೊತ್ತಿಗೆ, ಮತ್ತೆ ಚುನಾವಣೆ ನಡೆಸಿ ಎಂದು ಸಂಸತ್ತಿನ ಜಾಲತಾಣದಲ್ಲಿ ಹಾಕಿದ ಮನವಿಗೆ ಲಕ್ಷಗಟ್ಟಲೆ ಸಹಿ ಬೀಳತೊಡಗಿ ಹತ್ತಿರಹತ್ತಿರ 30 ಲಕ್ಷ ತಲುಪಿತು. 2025ರ ಜನವರಿಯಲ್ಲಿ ಅದರ ಚರ್ಚೆಯಾಯಿತು, ಚುನಾವಣೆಯೇನೂ ಆಗಲಿಲ್ಲ. ಇನ್ನೊಂದು ದಾರಿ ಸಂಸತ್ತಿನೊಳಗಿನದು. 2024ರ ಡಿಸೆಂಬರ್ 3ರಂದು ಲಿಬರಲ್ ಡೆಮಾಕ್ರಟ್ ಸಂಸದೆ ಸಾರಾ ಓಲ್ನಿ ತಂದ ಪ್ರಮಾಣಾನುಗುಣ ಪ್ರಾತಿನಿಧ್ಯದ ಖಾಸಗಿ ಮಸೂದೆ 138–136 ಮತಗಳಿಂದ ಮೊದಲ ಮೆಟ್ಟಿಲು ದಾಟಿತು. ಪರವಾಗಿ ಕೈ ಎತ್ತಿದವರಲ್ಲಿ ಲೇಬರ್ ಸಂಸದರೂ ರಿಫಾರ್ಮ್ ಸಂಸದರೂ ಇದ್ದರು. ಸರ್ಕಾರ ಸಮಯ ಕೊಡದೆ ಅದು ಕಾನೂನಾಗದು, ಸರ್ಕಾರ ಸಮಯ ಕೊಡಲಿಲ್ಲ. 2022ರಲ್ಲಿ ಲಿವರ್‌ಪೂಲ್‌ನ ಸಮ್ಮೇಳನದಲ್ಲಿ ಇದೇ ಬದಲಾವಣೆಗೆ ನಿರ್ಣಯ ಅಂಗೀಕರಿಸಿದ್ದು ಇದೇ ಲೇಬರ್ ಪಕ್ಷ.

ಈಗ ಲೆಕ್ಕ ತಿರುವು ಪಡೆಯುತ್ತಿದೆ. 2024ರಲ್ಲಿ ಲೇಬರ್, ಕನ್ಸರ್ವೇಟಿವ್ ಎರಡೂ ಸೇರಿ ಪಡೆದದ್ದು ಶೇ 57.4 ಮತ ಮಾತ್ರ. 2025ರ ಮೇ ತಿಂಗಳ ಸ್ಥಳೀಯ ಚುನಾವಣೆಗಳಲ್ಲಿ ರಿಫಾರ್ಮ್ ಎಲ್ಲರಿಗಿಂತ ಮುಂದೆ ಬಂತು. ಮೂವತ್ತರ ಆಸುಪಾಸಿನ ಮತಕ್ಕೆ ಭಾರಿ ಬಹುಮತ ಸಿಗುವ ಪದ್ಧತಿಯಲ್ಲಿ ಮುಂದಿನ ಸರದಿ ಫರಾಜ್ ಅವರದ್ದಾಗಬಹುದು ಎಂಬ ಭಯ ಲೇಬರ್ ಸಂಸದರಲ್ಲಿ ಹಲವರನ್ನು ಸುಧಾರಣೆಯ ಕಡೆಗೆ ತಳ್ಳುತ್ತಿದೆ. ಸ್ಟಾರ್ಮರ್ ಸರ್ಕಾರ 2025ರ ಜುಲೈನಲ್ಲಿ ಎರಡು ಹೆಜ್ಜೆ ಇಟ್ಟಿತು. ಮತದಾನದ ವಯಸ್ಸನ್ನು 16ಕ್ಕೆ ಇಳಿಸುವುದಾಗಿ ಘೋಷಿಸಿತು. ಇಂಗ್ಲೆಂಡಿನ ಮೇಯರ್ ಚುನಾವಣೆಗಳಲ್ಲಿ ಕನ್ಸರ್ವೇಟಿವ್ ಸರ್ಕಾರ ತೆಗೆದುಹಾಕಿದ್ದ ಎರಡನೇ ಪ್ರಾಶಸ್ತ್ಯದ ಮತವನ್ನು ಮರಳಿ ತರಲು ಮಸೂದೆ ಮಂಡಿಸಿತು. ನಗರದ ಮೇಯರ್‌ಗೆ ಹೆಚ್ಚು ಜನರ ಒಪ್ಪಿಗೆ ಬೇಕು ಎಂದು ಹೇಳುವ ಸರ್ಕಾರ, ಸಂಸದರ ಆಯ್ಕೆಗೆ ಮಾತ್ರ ಹಳೆಯ ಪದ್ಧತಿಯನ್ನೇ ಉಳಿಸಿಕೊಂಡಿತು.